ಗಾಜಿನ ಮೇಲಿನ ನೀಲಿ ಗೆರೆ

ಪೀಣ್ಯದ ಹಿಂಬದಿಯಲ್ಲಿ, ಚಿಕ್ಕಬಾಣಾವರದ ಕಡೆಗೆ ಹೊರಳುವ ರಸ್ತೆಯ ಪಕ್ಕದ ತಗಡಿನ ಶೆಡ್ಡೊಂದರ ಒಳಗೆ ಹೊಳೆ ಹರಿಯುತ್ತಿತ್ತು. ಎಡಗಡೆಯ ಶೆಡ್ಡಿನಲ್ಲಿ ಲೇತ್ ಯಂತ್ರಗಳು ಕಬ್ಬಿಣ ಕೊರೆಯುತ್ತಿದ್ದವು, ಬಲಗಡೆಯದರಲ್ಲಿ ಪ್ಲಾಸ್ಟಿಕ್ ಮುಚ್ಚಳಗಳನ್ನು ಅಚ್ಚು ಹಾಕುತ್ತಿದ್ದರು. ನಡುವಿನ ಶೆಡ್ಡಿನಿಂದ ಕೇಳುತ್ತಿದ್ದದ್ದು ಮಾತ್ರ ನೀರಿನ ಸದ್ದು. ಟ್ಯಾಂಕಿ ತುಂಬಿ ಚೆಲ್ಲುತ್ತಿದೆಯೆಂದು ದಾರಿಹೋಕರು ಬಾಗಿಲು ತಟ್ಟಿ ಹೇಳಿಹೋಗುತ್ತಿದ್ದದ್ದೂ ಉಂಟು.

ಒಳಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಸೊಂಟದೆತ್ತರದ ಕಬ್ಬಿಣದ ಕಾಲುಗಳ ಮೇಲೆ ಒಂದು ಗಾಜಿನ ಕಾಲುವೆ. ಅದರ ತಳದಲ್ಲಿ ಮೊಳದಷ್ಟು ಮರಳು. ಪಂಪು ಹಚ್ಚಿದರೆ ಒಂದು ತುದಿಯಿಂದ ನೀರು ಬಂದು, ಮರಳಿನ ಮೇಲೆ ಹರಿದು, ಇನ್ನೊಂದು ತುದಿಯ ತೊಟ್ಟಿಗೆ ಬಿದ್ದು, ಪೈಪಿನಲ್ಲಿ ಮತ್ತೆ ಮೊದಲಿನ ತುದಿಗೇ ಬರುತ್ತಿತ್ತು. ಆ ಮರಳನ್ನು ಮಟ್ಟ ಮಾಡುವುದು ನೀಲಪ್ಪನ ಕೆಲಸ.

ನೀಲಪ್ಪ ವಿಜಯಪುರದ ಕಡೆಯವನು, ಡೋಣಿ ಹೊಳೆಯ ದಂಡೆಯ ಊರಿನವನು. ಊರಲ್ಲಿ ಅವನನ್ನು ಕಣದ ನೀಲಪ್ಪ ಎಂದೇ ಕರೆಯುತ್ತಿದ್ದರು. ಸುಗ್ಗಿ ಬಂತೆಂದರೆ ಜೋಳದ ರಾಶಿಗೆ ಕಣ ಮಾಡಿಕೊಡು ಬಾ ಎಂದು ಓಣಿಓಣಿಯವರು ಬಂದು ಕರೆಯುವರು. ನೆಲಕ್ಕೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಹಲಗೆ ಎಳೆದು, ಮರದ ತುಂಡಿನಿಂದ ಬಡಿಬಡಿದು ಗಟ್ಟಿ ಮಾಡಿ, ಮೇಲೆ ಸಗಣಿ ಸಾರಿಸಿದನೆಂದರೆ ಒಂದು ಕಾಳೂ ಬಿರುಕಿಗೆ ಬೀಳುತ್ತಿರಲಿಲ್ಲ. ಈಗ ಊರಲ್ಲಿ ಕಣಗಳೇ ಇಲ್ಲ. ಯಂತ್ರ ಹೊಲಕ್ಕೇ ಬಂದು ಕಾಳು ಉದುರಿಸಿಕೊಟ್ಟು ಹೋಗುತ್ತದೆ. ಹೆಂಡತಿ ಹನುಮವ್ವನೊಂದಿಗೆ ಪೀಣ್ಯಕ್ಕೆ ಬಂದು ಗಾರೆ ಕೆಲಸಕ್ಕೆ ನಿಂತ ನೀಲಪ್ಪ, ಈ ಶೆಡ್ಡಿಗೆ ಬಂದದ್ದೂ ನೆಲ ಹಾಕುವುದಕ್ಕೇ. ಅವನು ಎಳೆದ ನೆಲದ ಮೇಲೆ, ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದ ದಿವ್ಯಾ ಮೇಡಂ ಒಂದು ಗೋಲಿ ಇಟ್ಟು ನೋಡಿದ್ದಳು. ಗೋಲಿ ಇಟ್ಟಲ್ಲೇ ಕೂತಿತ್ತು. "ನೀಲಪ್ಪ, ಈ ಕೆಲ್ಸ ಮುಗಿದ್ಮೇಲೆ ಎಲ್ಲೂ ಹೋಗ್ಬೇಡಿ, ಇಲ್ಲೇ ಇದ್ಬಿಡಿ" ಎಂದಿದ್ದಳು.

ದಿವ್ಯಾಳದು ಲೆಕ್ಕದ ಕೆಲಸ. ಸಿಂಗಸಂದ್ರದಿಂದ ಮೆಟ್ರೊ ಬದಲಾಯಿಸಿಕೊಂಡು ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರುವಳು. ಬಂದವಳು ಮೂಲೆಯ ಮೇಜಿನಲ್ಲಿ ಕಂಪ್ಯೂಟರಿನ ಮುಂದೆ ಕೂತಳೆಂದರೆ ತಂದ ಬುತ್ತಿಯನ್ನೂ ಮರೆಯುವಳು. ಪರದೆಯ ಮೇಲೆ ಅಕ್ಷರ, ಅಂಕಿ, ವಕ್ರಗೆರೆ. ನೀರು ಹೀಗೆ ಬಂದರೆ ಮರಳು ಎಲ್ಲಿ ಏಳುತ್ತದೆ, ಎಲ್ಲಿ ಕೂರುತ್ತದೆ ಎಂದು ಹೊಳೆಗಿಂತ ಮೊದಲೇ ಹೇಳುವ ಲೆಕ್ಕ ಅದು. ನೀಲಪ್ಪನಿಗೆ ಮೊದಮೊದಲು ಇದು ಕಣಿ ಹೇಳುವವರ ಮಾತಿನಂತೆ ಕೇಳಿಸಿತ್ತು.

"ಮೇಡಂರೀ, ಹೊಳಿ ಅಂದ್ರ ಅದಕ್ಕೊಂದು ಮರ್ಜಿ ಇರ್ತೈತಿ. ನಮ್ಮ ಡೋಣಿ ನೋಡ್ರಿ, ತಾನ ತಂದ ಮಣ್ಣಿನಾಗ ತಾನ ಹೂತು, ಹಾದಿ ಸಿಗಲಿಲ್ಲಂದ್ರ ಹೊಲದಾಗ ನುಗ್ಗತೈತಿ. ಅದನ್ನ ಲೆಕ್ಕದಾಗ ಹೆಂಗ ಹಿಡೀತೀರಿ?" ಎಂದು ಒಮ್ಮೆ ಕೇಳಿಯೇಬಿಟ್ಟಿದ್ದ.

ದಿವ್ಯಾ ಕುರ್ಚಿ ತಿರುಗಿಸಿ ಕೂತಳು. "ಮರ್ಜಿ ಅಲ್ಲ ನೀಲಪ್ಪ, ಜಗಳ. ನೀರು ಮರಳನ್ನ ತಳ್ಳುತ್ತೆ. ತಳ್ಳಿಸಿಕೊಂಡ ಮರಳು ಗುಡ್ಡೆಯಾಗಿ ನೀರಿಗೇ ಅಡ್ಡ ನಿಲ್ಲುತ್ತೆ. ನೀರು ಪಕ್ಕಕ್ಕೆ ತಿರುಗಿ ಅಲ್ಲಿನ ಮರಳನ್ನ ಎಬ್ಬಿಸುತ್ತೆ. ಗಂಡ ಹೆಂಡ್ತಿ ಜಗಳದ ಥರ, ಯಾರು ಶುರು ಮಾಡಿದ್ರು ಅಂತ ಹೇಳಕ್ಕಾಗಲ್ಲ. ಅದಕ್ಕೇ ಇಬ್ಬರ ಲೆಕ್ಕಾನೂ ಒಟ್ಟಿಗೇ ಹಾಕ್ಬೇಕು. ಹೊಳೆ ತಳಾನ ಚಿಕ್ಕ ಚಿಕ್ಕ ಚೌಕ ಮಾಡ್ಕೊತೀನಿ. ಒಂದೊಂದು ಚೌಕಕ್ಕೂ ಮೇಲಿಂದ ಎಷ್ಟು ಮರಳು ಬಂತು, ಕೆಳಗೆ ಎಷ್ಟು ಹೋಯ್ತು ಅಂತ ನೋಡ್ತೀನಿ. ಬಂದಿದ್ದು ಜಾಸ್ತಿ ಆದ್ರೆ ಅಲ್ಲಿ ತಳ ಏರುತ್ತೆ, ಹೋಗಿದ್ದು ಜಾಸ್ತಿ ಆದ್ರೆ ತಗ್ಗುತ್ತೆ."

"ಹಗೇವಿನಂಗ ಅಂದಂಗಾತು."

"ಹಗೇವು ಅಂದ್ರೆ?"

"ನೆಲದಾಗ ಜ್ವಾಳ ತುಂಬಿಡೂ ಕುಣಿರಿ. ಹಾಕಿದ್ದಕ್ಕಿಂತ ತಗದದ್ದು ಹೆಚ್ಚಾತಂದ್ರ ಬುಡ ಕಾಣ್ತೈತಿ."

"ಹ್ಞಾ, ಹಂಗೇ. ಆದ್ರೆ ಇಲ್ಲಿ ಒಂದು ಹಗೇವಲ್ಲ, ಸಾವಿರಾರು. ಒಂದರಿಂದ ತೆಗೆದಿದ್ದು ಪಕ್ಕದ್ದಕ್ಕೆ ಬೀಳುತ್ತೆ, ಅದ್ರಿಂದ ಅದರ ಪಕ್ಕದ್ದಕ್ಕೆ. ಒಂದು ಕ್ಷಣಾನೂ ನಿಲ್ಲಲ್ಲ."

ನೀಲಪ್ಪ ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಅವನ ಅಪ್ಪನಿಗೆ ಒಂದು ಹಗೇವನ್ನು ಸುಗ್ಗಿಯಿಂದ ಸುಗ್ಗಿಗೆ ಮುಟ್ಟಿಸುವುದೇ ಕಷ್ಟವಾಗುತ್ತಿತ್ತು. ಈ ಹುಡುಗಿ ಓಡುವ ಸಾವಿರಾರು ಹಗೇವುಗಳನ್ನು ತಲೆಯಲ್ಲಿಟ್ಟುಕೊಂಡು ಮೆಟ್ರೊ ಹತ್ತಿ ಓಡಾಡುತ್ತಾಳಲ್ಲ!

ಅವನಿಗೆ ನಂಬಿಕೆ ಬಂದದ್ದು ಮಾತ್ರ ಇನ್ನೊಂದು ದಿನ. ದಿವ್ಯಾ ವಾಲ್ವಿನ ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, "ಇಲ್ಲಿಗೆ ಬರೋ ತನಕ ಮರಳಿನ ಒಂದು ಕಾಳೂ ಕದಲಲ್ಲ. ಇಲ್ಲಿ ಬಂದಾಗ ಏಳುತ್ತೆ, ನೋಡ್ತಿರಿ" ಎಂದಿದ್ದಳು. ನೀಲಪ್ಪ ಚಕ್ರವನ್ನು ಇಷ್ಟಿಷ್ಟೇ ತಿರುಗಿಸಿದ. ನೀರು ಜೋರಾಯಿತು, ಇನ್ನೂ ಜೋರಾಯಿತು. ಮರಳು ಮಲಗಿದ ದನದಂತೆ ಮಿಸುಕಲಿಲ್ಲ. ಚಕ್ರ ಗುರುತನ್ನು ಮುಟ್ಟಿತು. ಗಾಜಿನ ಆಚೆ ಒಂದು ಕಾಳು ಹೊರಳಿತು, ನಿಂತಿತು, ಮತ್ತೆ ಹೊರಳಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ತಳಕ್ಕೆ ತಳವೇ ತೆವಳತೊಡಗಿತು. ನೀಲಪ್ಪನ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಹೊಲದ ಬದುವಿನ ಮೇಲೆ ಕೂತು ಹೊಳೆ ನೋಡಿದವನು ಅವನು. ಮರಳು ಏಳುವ ಗಳಿಗೆಯನ್ನು ಮಾತ್ರ ಎಂದೂ ಕಂಡಿರಲಿಲ್ಲ. ಅದನ್ನು ಮೊದಲೇ ಹೇಳಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇಷ್ಟೆಲ್ಲ ಸಾಹಸ ಆನೇಕಲ್ಲಿನ ಆಚೆಯ ಒಂದು ಹಳ್ಳಕ್ಕಾಗಿ. ಬೇಸಿಗೆಯಲ್ಲಿ ಬರೀ ಮರಳು, ಮಳೆಗಾಲದಲ್ಲಿ ಕಡಿವಾಣವಿಲ್ಲದ ಕುದುರೆ. ಹೋದ ಮಳೆಯಲ್ಲಿ ಅದರ ಸೇತುವೆಯ ನಡುಗಂಬ ಒಂದು ಬದಿಗೆ ವಾಲಿಬಿಟ್ಟಿತು. ಬಸ್ಸು ನಿಂತಿತು. ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಈಗ ಕೆರೆ ಏರಿಯ ಮೇಲೆ ಸುತ್ತಿಬಳಸಿ ನಡೆಯುತ್ತಿದ್ದಾರೆ. ಹೊಸ ಸೇತುವೆಯ ಕೆಲಸವೇನೋ ಶುರುವಾಗಿತ್ತು, ಆದರೆ ನಡುಗಂಬದ ಬುನಾದಿ ಹಳೆಯದರಷ್ಟೇ ಆಳ. ದಿವ್ಯಾಳ ಲೆಕ್ಕದಲ್ಲಿ, ದೊಡ್ಡ ಮಳೆ ಬಂದಾಗ ಕಂಬದ ಬುಡದಲ್ಲಿ ಬೀಳುವ ಗುಂಡಿ ಆ ಬುನಾದಿಗಿಂತಲೂ ಕೆಳಗೆ ಹೋಗುತ್ತಿತ್ತು. ಕಟ್ಟುವವರಿಗೆ ಹೇಳಿದರೆ, "ಕಂಪ್ಯೂಟರಲ್ಲಿ ಯಾವ ಗೆರೆ ಬೇಕಾದ್ರೂ ಬರುತ್ತಮ್ಮ" ಎಂದು ನಕ್ಕಿದ್ದರು. ಕೊನೆಗೆ ಅವರ ಹಿರಿಯ ಎಂಜಿನಿಯರು ನಲ್ಲಪ್ಪನವರು, ಕಣ್ಣಾರೆ ತೋರಿಸಿದರೆ ನೋಡುತ್ತೇನೆ ಎಂದು ಒಪ್ಪಿದ್ದರು. ಸೋಮವಾರ ಬುನಾದಿಗೆ ಕಾಂಕ್ರೀಟು. ಅವರು ಬರುವುದು ಶನಿವಾರ. ಅಷ್ಟರೊಳಗೆ ನಂಬದಿದ್ದರೆ ಕಂಬ ಹಳೆಯ ಆಳದಲ್ಲೇ ಏಳುತ್ತದೆ.

ಅದಕ್ಕಾಗಿ ಸೇತುವೆಯ ಕಂಬದ ಚಿಕ್ಕ ಮಾದರಿಯೊಂದನ್ನು ಮಾಡಿ, ಹಲಸಿನಹಣ್ಣನ್ನು ಸೀಳಿದಂತೆ ಉದ್ದಕ್ಕೆ ಸೀಳಿ, ಅರ್ಧವನ್ನು ಗಾಜಿಗೆ ಅಂಟಿಸಿದ್ದರು. ಬುಡದಲ್ಲಿ ನಡೆಯುವುದೆಲ್ಲ ಹೊರಗಿನಿಂದ ಕಾಣಲೆಂದು. ಬುನಾದಿ ಎಲ್ಲಿಗೆ ಮುಗಿಯುತ್ತದೋ ಆ ಮಟ್ಟದಲ್ಲಿ ಗಾಜಿನ ಮೇಲೆ ಒಂದು ಕೆಂಪು ಗೆರೆ. ಗುಂಡಿ ಕೆಂಪು ಗೆರೆ ದಾಟಿದರೆ ಕಂಬಕ್ಕೆ ಕಾಲಿಲ್ಲವೆಂದೇ ಅರ್ಥ.

ಶೆಡ್ಡಿನ ಮಾಲೀಕ ಆಂಜಿನಪ್ಪನಿಗೂ ಇದರದೇ ಧ್ಯಾನ. ಶೆಡ್ಡು ನಿಂತ ಜಾಗ ಅವನ ಅಪ್ಪನ ರಾಗಿ ಹೊಲ. ದಿನಾ ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಗಾಜಿಗೆ ಮೂಗು ಹಚ್ಚುವನು.

"ಏನಮ್ಮಣ್ಣಿ, ನಮ್ಮಪ್ಪ ರಾಗಿ ಬಿತ್ತಿದ್ ಜಾಗ್ದಲ್ಲಿ ನೀನು ಒಳೆ ಬಿತ್ತಿದ್ದೀಯಲ್ಲ! ಎಲ್ಲಿ ಬೀಳ್ತದೆ ಅಂದೆ ಗುಂಡಿ?"

"ಕಂಬದ ಮುಂದ್ಗಡೆ ಆಂಜಿನಪ್ಪನೋರೆ. ನೀರು ಬರೋ ಕಡೆ."

"ಅಯ್, ಓಗು ತಾಯಿ! ನೀರು ಕಂಬಕ್ಕೆ ಒಡ್ಕೊಂಡು ಆಚೆಗೆ ಬಿದ್ದು ಇಂದುಗಡೆ ತಾನೆ ತೋಡ್ತದೆ? ಮುಂದ್ಗಡೆ ಬಿದ್ರೆ ಈ ಶೆಡ್ಡು ನಿನ್ ಎಸ್ರಿಗೆ ಬರ್ದ್‌ಕೊಟ್ಬಿಡ್ತೀನಿ, ಓಗು."

ನೀಲಪ್ಪನಿಗೂ ಮನಸ್ಸಿನಲ್ಲಿ ಹಾಗೇ ಅನಿಸಿತ್ತು, ಆಡಿರಲಿಲ್ಲ ಅಷ್ಟೆ. ಮೊಮ್ಮಗನ ನಾಮಕರಣವೆಂದು ಆಂಜಿನಪ್ಪ ಆ ವಾರವೆಲ್ಲ ಬರಲಿಲ್ಲ. ಪಂಪು ಹಗಲಿರುಳು ನಡೆಯಿತು. ನೀರು ಸಣ್ಣಗೆ, ಒಂದೇ ಹದದಲ್ಲಿ ಹರಿದು, ಕಂಬದ ಮುಂದೆಯೇ ತಗ್ಗು ತೋಡುತ್ತ ತೋಡುತ್ತ ಶುಕ್ರವಾರದ ಸಂಜೆಗೆ ಕೆಂಪು ಗೆರೆಯನ್ನು ದಾಟಿ ಬೆರಳಗಲ ಕೆಳಗಿಳಿಯಿತು. ದಿವ್ಯಾ ಪಂಪು ನಿಲ್ಲಿಸಿ, ಗುಂಡಿ ಕುಸಿಯದಂತೆ ನೀರನ್ನು ನಿಧಾನವಾಗಿ ಬಸಿದು, ಫೋನಿನಲ್ಲಿ ಪಟ ತೆಗೆದುಕೊಂಡಳು. ಮುಖದಲ್ಲಿ ದಣಿವೂ ನಗುವೂ ಕಲಸಿಹೋಗಿತ್ತು. ಮರಳಿನ ಒದ್ದೆ ಆರಿದ ಮೇಲೆ, ಬೆಳಿಗ್ಗೆ, ಲೇಸರ್ ಪೆಟ್ಟಿಗೆಯಲ್ಲಿ ತಳವನ್ನೆಲ್ಲ ಅಳೆಯುವುದೆಂದು ಅವಳ ಲೆಕ್ಕ. ಆದರೆ ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಚೀಲ ಹೆಗಲಿಗೇರಿಸುತ್ತ ಹೇಳಿದ್ದಿಷ್ಟೇ: "ನೀಲಪ್ಪ, ನಾಳೆ ದೊಡ್ಡೋರು ಬರ್ತಾರೆ. ಎಲ್ಲಾ ನೀಟಾಗಿರ್ಲಿ."

ನೀಲಪ್ಪ ನೆಲ ಗುಡಿಸಿದ. ಗಾಜು ಒರೆಸಿದ. ಬಾಗಿಲ ಮುಂದೆ ನೀರು ಹೊಡೆದ. ಒಳಗೆ ಬಂದು ಕಾಲುವೆ ನೋಡಿದ. ಪಂಪು ನಿಂತಿದೆ, ನೀರು ಬಸಿದಿದೆ. ಈವರೆಗೆ ಪ್ರತಿಸಲವೂ ಇಷ್ಟಾದ ಮೇಲೆಯೇ ಅವನ ಹಲಗೆಯ ಕೆಲಸ ಶುರುವಾಗುತ್ತಿದ್ದದ್ದು. ಒಳಗಡೆ ಮರಳು ಉಬ್ಬುತಗ್ಗಾಗಿ, ಹಂದಿ ಉತ್ತ ಹೊಲದಂತೆ ಬಿದ್ದಿತ್ತು. ಬೀಗರು ಬರುವ ಹಿಂದಿನ ದಿನ ಪಡಸಾಲೆಯನ್ನು ಹಾಗೆ ಬಿಡುವುದುಂಟೆ? ಅವನು ಹಲಗೆ ಎಳೆದ. ಸಾಮಾನ್ಯ ದಿನವಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದ. ನಾಳೆ ಬರುವವರು ದೊಡ್ಡವರು. ನೀರು ಚಿಮುಕಿಸಿದ, ಮರದ ತುಂಡು ಹುಡುಕಿ ತಂದು ಈ ತುದಿಯಿಂದ ಆ ತುದಿಗೆ ಹದವಾಗಿ ಬಡಿದ. ಕೊನೆಗೆ ಅಂಗೈಯಿಂದ ನೇವರಿಸಿ ನೋಡಿದ. ಎಷ್ಟೋ ವರ್ಷದ ಮೇಲೆ ಕಣ ಮಾಡಿದಂತಾಗಿ ಎದೆ ತುಂಬಿ ಬಂತು. ಮನೆಗೆ ಹೋಗಿ ಹನುಮವ್ವನಿಗೂ ಹೇಳಿಕೊಂಡ: "ಇವತ್ತ ಹೆಂಗ ಮಾಡೀನಿ ಅಂದ್ರ, ನೀ ಅದರ ಮ್ಯಾಲೆ ರೊಟ್ಟಿ ಬಡೀಬೇಕು, ಹಂಗ!"

ಬೆಳಿಗ್ಗೆ ದಿವ್ಯಾ ಬಂದಳು. ಲೇಸರ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕಾಲುವೆಯ ಹತ್ತಿರ ಹೋದವಳು ಅಲ್ಲೇ ನಿಂತಳು. ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಬೋರಲು ಹಾಕಿದ್ದ ಬಕೇಟಿನ ಮೇಲೆ ಕೂತಳು.

ನೀಲಪ್ಪನಿಗೆ ಏನೋ ಕೆಟ್ಟಿತೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. "ಯಾಕ್ರಿ ಮೇಡಂ?"

"ಗುಂಡಿ ಎಲ್ಲಿ ನೀಲಪ್ಪ?"

"ಮುಚ್ಚೀನ್ರಿ... ದೊಡ್ಡವರು ಬರ್ತಾರ ಅಂದ್ರಲ್ರಿ..."

"ಅವ್ರು ಬರ್ತಿರೋದೇ ಆ ಗುಂಡಿ ನೋಡಕ್ಕೆ."

ನೀಲಪ್ಪ ಗಾಜಿಗೆ ಆತುಕೊಂಡ. "ಫೋಟೋ ತಗದೀರಲ್ರಿ?" ಎಂದ, ತನಗೇ ಕೇಳದಷ್ಟು ಮೆಲ್ಲಗೆ.

"ಫೋಟೋ ನೋಡಿದ್ರೆ, ಕೈಯಲ್ಲಿ ತೋಡಿ ತೆಗೆದಿದ್ದೀರಾ ಅಂತಾರೆ."

ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಹೊರಗೆ ಹೋಗು ಎಂದಿದ್ದರೂ ಹೋಗಿ ಚರಂಡಿ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅವಳು ಹಣೆಗೆ ಕೈಹಚ್ಚಿ ಆ ನುಣುಪಾದ ಮರಳನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ತುಟಿ ಅಲುಗತೊಡಗಿತು. ಅಳುತ್ತಾಳೆಂದು ನೀಲಪ್ಪ ಹೆದರಿದ. ಅವಳು ಅಂಕಿ ಹೇಳಿಕೊಳ್ಳುತ್ತಿದ್ದಳು.

ಎದ್ದು ಮೇಜಿಗೆ ಹೋದಳು. ಕೀಲಿಮಣೆ ಚಟಪಟ ಎಂದಿತು. ಒಮ್ಮೆ ಬಂದು ಪಂಪನ್ನು ನೋಡಿದಳು, ಒಮ್ಮೆ ಮರಳನ್ನು ಚಿವುಟಿ ಬೆರಳಲ್ಲಿ ತಿಕ್ಕಿದಳು, ಮತ್ತೆ ಹೋಗಿ ಕೂತಳು. ಪಕ್ಕದ ಲೇತ್ ಯಂತ್ರ ಶುರುವಾಗಿ ತಗಡೆಲ್ಲ ನಡುಗುತ್ತಿದ್ದರೂ ಅವಳಿಗೆ ಅದು ಕೇಳಿದಂತೆ ಕಾಣಲಿಲ್ಲ. ಊರಲ್ಲಿ ಜಾತ್ರೆಗೂ ಹೋಗದೆ ಮಗ್ಗದ ಮುಂದೆ ಕೂತಿರುತ್ತಿದ್ದ ತನ್ನ ಸೋದರಮಾವನ ನೆನಪು ನೀಲಪ್ಪನಿಗೆ ಬಂತು. ಸಾವಿರ ಎಳೆಯಲ್ಲಿ ಯಾವುದೋ ಒಂದು ತುಂಡಾದರೆ ಆತನ ಕೈ ನೇರ ಅಲ್ಲಿಗೇ ಹೋಗುತ್ತಿತ್ತು. ಇವಳ ಕೈಯೂ ಹಾಗೇ ಹೋಗುತ್ತಿತ್ತು. ಈಕೆಯ ಎಳೆಗಳು ಮಾತ್ರ ಕಣ್ಣಿಗೆ ಕಾಣುವಂಥವಲ್ಲ.

ಕೊನೆಗೆ ಎದ್ದು ಬಂದಾಗ ಅವಳ ಕೈಯಲ್ಲಿ ನೀಲಿ ಮಾರ್ಕರ್ ಇತ್ತು.

"ಸಣ್ಣ ನೀರಲ್ಲಿ ತೋಡಕ್ಕೆ ದಿನಗಟ್ಟಲೆ ಬೇಕು. ಇವತ್ತು ಹಳ್ಳ ಉಕ್ಕಿ ಬಂದಾಗಿನ ಥರ ಜೋರು ನೀರು ಬಿಡೋಣ. ಇಡೀ ತಳ ಎದ್ದು ಓಡುತ್ತೆ, ಗುಂಡಿ ಬೇಗ ಬೀಳುತ್ತೆ. ನೀರು ಬಿಡೋಕೆ ಮುಂಚೆ, ಎಲ್ಲಿ ಹೇಗೆ ಬೀಳುತ್ತೆ ಅಂತ ನಾನು ಬರೆದಿಡ್ತೀನಿ."

"ಬರದಂಗ ಬೀಳದಿದ್ರ?"

"ಅದೇ ನೀಲಪ್ಪ ನಂಗೂ ಭಯ" ಎಂದು ಅವಳು ಮೊದಲ ಸಲ ನಕ್ಕಳು.

ಗಾಜಿನ ಮುಂದೆ ಮಂಡಿಯೂರಿ, ಕಾಗದದಲ್ಲಿದ್ದ ಅಳತೆಗಳನ್ನು ಪಟ್ಟಿಯಿಂದ ಗುರುತಿಸಿ, ಗೆರೆ ಎಳೆದಳು. ಮೇಲಿನಿಂದ ಬಂದ ಗೆರೆ ಕಂಬದ ಮುಂದೆ ಬಟ್ಟಲಿನಂತೆ ಇಳಿದು, ಕೆಂಪು ಗೆರೆಯನ್ನು ದಾಟಿ ಕೆಳಗೆ ಹೋಗಿ, ಕಂಬದ ಹಿಂದೆ ಮೆಲ್ಲಗೆ ಮೇಲೆದ್ದು, ಒಂದು ದಿಬ್ಬವಾಗಿ ಉಬ್ಬಿ ಮಲಗಿತು. ಗಾಜಿನ ಆಚೆ ನೀಲಪ್ಪನ ಕಣ, ಸಪಾಟಾಗಿ, ಏನೂ ಅರಿಯದಂತೆ ಇತ್ತು.

ನಲ್ಲಪ್ಪನವರು ಬಂದರು. ಬಿಸಿಲಿಗೆ ಕಪ್ಪಾದ ಮುಖ, ಸಿಮೆಂಟಿನ ಧೂಳು ಮೆತ್ತಿದ ಬೂಟು, ನಿಧಾನದ ಮಾತು. ಜೊತೆಗೆ ಆಂಜಿನಪ್ಪನೂ ನುಗ್ಗಿದ. ತನ್ನ ಶೆಡ್ಡಿಗೆ ಬಂದವರಿಗೆ ತಾನೇ ಕಾಫಿ ಕೊಡಬೇಕೆಂದು ಫ್ಲಾಸ್ಕನ್ನೂ ತಂದಿದ್ದ.

ನಲ್ಲಪ್ಪನವರು ಕಾಲುವೆಯನ್ನು ಉದ್ದಕ್ಕೂ ನೋಡಿದರು. "ಏನಮ್ಮಾ, ಗುಂಡಿ ಬಿದ್ದಿದೆ ಅಂದಿದ್ರಿ?"

"ಬಿದ್ದಿತ್ತು ಸಾರ್, ಮುಚ್ಚಿಹೋಯ್ತು. ಈಗ ನಿಮ್ಮೆದುರಿಗೇ ಬೀಳುತ್ತೆ. ಈ ನೀಲಿ ಗೆರೆ ತನಕ."

"ಬೀಳದಿದ್ರೆ?"

"ಬೀಳದಿದ್ರೆ ನಿಮ್ಮ ಡ್ರಾಯಿಂಗೇ ಸರಿ ಸಾರ್. ನಾನು ಮತ್ತೆ ಮಾತಾಡಲ್ಲ."

ನೀಲಪ್ಪ ಚಕ್ರ ತಿರುಗಿಸಿದ. ನೀರು ಗಾಜಿನ ನಡುವೆ ಗುಡುಗುತ್ತ ಬಂತು. ಎಲ್ಲರೂ ಕಂಬದ ಬುಡಕ್ಕೆ ಕಣ್ಣು ನೆಟ್ಟರು. ನೀರು ಕಂಬಕ್ಕೆ ಬಡಿದು ಸೀಳಿ ಹೋಯಿತು. ಮರಳು ಹಾಗೇ ಇತ್ತು. ಅಲ್ಲೊಂದು ಇಲ್ಲೊಂದು ಕಾಳು ಉರುಳಿತು, ಅಷ್ಟೇ. ಆಂಜಿನಪ್ಪ ಲೋಟಗಳಿಗೆ ಕಾಫಿ ಬಗ್ಗಿಸಿದ. ಕಾಫಿ ಮುಗಿಯಿತು. ಮರಳು ಹಾಗೇ ಇತ್ತು. ನಲ್ಲಪ್ಪನವರು ಗಡಿಯಾರ ನೋಡಿಕೊಂಡು, ಮತ್ತೆ ನೋಡಿಕೊಂಡರು. ದಿವ್ಯಾ ಪಂಪಿನ ಮುಳ್ಳು ನೋಡಿ ಬಂದಳು, ವಾಲ್ವು ನೋಡಿ ಬಂದಳು. ಎಲ್ಲ ಸರಿಯಾಗಿಯೇ ಇತ್ತು. ಅವಳ ಮುಖ ಬಿಳಿಚಿಕೊಳ್ಳುತ್ತಿದ್ದದ್ದನ್ನು ನೀಲಪ್ಪ ಕಂಡ.

ಆಗ ಅವನಿಗೆ ಹೊಳೆಯಿತು. ದೊಡ್ಡವರ ಮುಂದೆ ಹೇಳುವುದೆ? ಹೇಳದಿದ್ದರೆ ಆ ಹುಡುಗಿಯ ಲೆಕ್ಕ ಸುಳ್ಳೆಂದು ಇವರು ಎದ್ದುಹೋಗುತ್ತಾರೆ. ತಪ್ಪು ಲೆಕ್ಕದ್ದಲ್ಲ.

"ಮೇಡಂರೀ, ನಾ ಬಡದೀನ್ರಿ."

"ಏನು?"

"ಮರಳನ್ರಿ. ಬರೇ ಎಳದಿಲ್ರಿ, ನೀರು ಚಿಮುಕಿಸಿ ಬಡದೀನ್ರಿ. ಕಣಾ ಬಡದಂಗ. ದೊಡ್ಡವರು ಬರ್ತಾರಂತ."

ಆಂಜಿನಪ್ಪ ಗೊಳ್ಳೆಂದು ನಕ್ಕ. "ಲೇ ನೀಲಪ್ಪ, ಒಳೆಗೇ ಕಣ ಮಾಡ್ಬಿಟ್ಟಾ! ರಾಗಿ ಒಕ್ಕೋಣ್ವಾ?"

ದಿವ್ಯಾ ನಗಲಿಲ್ಲ, ಸಿಡುಕಲೂ ಇಲ್ಲ. ನೀರಿನತ್ತ ತಿರುಗಿ ಕಣ್ಣು ಕಿರಿದು ಮಾಡಿದಳು. ಅವಳ ತುಟಿ ಮತ್ತೆ ಅಲುಗಿತು. ಆ ಕ್ಷಣದಲ್ಲಿ ಅವಳು ಗಾಜಿನ ಒಳಗೇ ಇದ್ದಾಳೆ, ನೀರಿನ ಅಡಿಯಲ್ಲಿ, ಕಂಬದ ಬುಡದಲ್ಲಿ ಕೂತು ಕಾಳನ್ನು ಮಾತಾಡಿಸುತ್ತಿದ್ದಾಳೆ ಎನಿಸಿತು ನೀಲಪ್ಪನಿಗೆ.

"ಸಾರ್" ಎಂದಳು ನಲ್ಲಪ್ಪನವರಿಗೆ, "ಇದು ನನ್ನ ಲೆಕ್ಕದಲ್ಲಿರಲಿಲ್ಲ. ನಾನು ಸಡಿಲ ಮರಳು ಅಂತ ಹಾಕಿದ್ದೆ, ಇಲ್ಲಿ ಮೇಲ್ಗಡೆ ಒಂದು ಗಟ್ಟಿ ಪದರ ಇದೆ. ಅದಕ್ಕೇ ತಡ. ಆದ್ರೆ ಬಡಿದ್ರೂ ಅದು ಮರಳೇ ಸಾರ್, ಜೇಡಿಮಣ್ಣಲ್ಲ. ಕಂಬದ ಮುಂದೆ ನೀರು ಮೇಲಿಂದ ಕೆಳಕ್ಕೆ ಧುಮುಕುತ್ತೆ, ಮೊದಲು ಅಲ್ಲೇ ಪದರ ಒಡೆಯುತ್ತೆ. ಒಡೆದ್ಮೇಲೆ ನಿಲ್ಲಲ್ಲ. ಎಷ್ಟು ಹೊತ್ತಿಗೆ ಅಂತ ಈಗ ಹೇಳಕ್ಕಾಗಲ್ಲ. ಎಲ್ಲಿ ತನಕ ಅನ್ನೋದು ಬದಲಾಗಲ್ಲ. ಗೆರೆ ಅದೇ."

"ಅಂದ್ರೆ ಕಾಯ್ಬೇಕು."

"ಕಾಯ್ಬೇಕು ಸಾರ್."

ನಲ್ಲಪ್ಪನವರು ಸ್ಟೂಲು ಎಳೆದುಕೊಂಡು ಗಾಜಿನ ಎದುರಿಗೇ ಕೂತರು. "ಕಾಯೋದು ನಮಗೇನು ಹೊಸದಲ್ಲಮ್ಮ. ಕಾಂಕ್ರೀಟು ಕಾಯಿಸೇ ಕಾಯಿಸುತ್ತೆ."

ಲೇತ್ ಶೆಡ್ಡಿನವರು ಊಟಕ್ಕೆ ಬಿಟ್ಟು ಯಂತ್ರಗಳು ನಿಂತವು. ಇದ್ದಕ್ಕಿದ್ದಂತೆ ಎಲ್ಲೆಲ್ಲೂ ನೀರಿನ ಸದ್ದೊಂದೇ ಉಳಿಯಿತು. ಆಗ, ಕಂಬದ ಮೂತಿಯ ಹತ್ತಿರ, ಬೆರಳುಗುರಿನಷ್ಟು ಮರಳು ಎದ್ದು ಹೊಗೆಯಂತೆ ಸುತ್ತಿತು. ಸುತ್ತಿದ್ದು ಕಂಬವನ್ನು ಬಳಸಿ ಹಿಂದಕ್ಕೆ ಹೋಯಿತು. ಎದ್ದ ಜಾಗದಲ್ಲಿ ಒಂದು ಚುಕ್ಕಿ ಕುಳಿ. ಕುಳಿಯ ಅಂಚು ಉದುರಿತು, ಇನ್ನೊಂದು ಅಂಚು ಉದುರಿತು. ಗಟ್ಟಿ ಪದರ ಹಳೆಯ ಗೋಡೆಯ ಗಿಲಾವಿನಂತೆ ಚಕ್ಕೆಚಕ್ಕೆಯಾಗಿ ಕಳಚಿತು. ಆಮೇಲೆ ಅದಕ್ಕೆ ತಡೆಯೇ ಇರಲಿಲ್ಲ. ನೀರು ಕಂಬಕ್ಕೆ ಬಡಿದು ಕೆಳಕ್ಕೆ ಧುಮುಕಿ, ತಳದಲ್ಲಿ ಕಡೆಗೋಲಿನಂತೆ ತಿರುಗಿ, ಮರಳನ್ನು ಮೊಗೆಮೊಗೆದು ಆಚೆ ಎಸೆಯಿತು. ಇಡೀ ತಳ ಅಲೆಅಲೆಯಾಗಿ ತೆವಳಿತು. ನೀಲಪ್ಪನ ಕಣ ಅವನ ಕಣ್ಣೆದುರೇ ಹರಿದು ಹೊಳೆಯಾಯಿತು.

"ಮುಂದ್ಗಡೇನೇ!" ಎಂದ ಆಂಜಿನಪ್ಪ, ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ನೆಲಕ್ಕೆ ಬಿದ್ದದ್ದೂ ಗೊತ್ತಾಗದೆ. "ಅಯ್ಯೋ ನನ್ ಶಿವನೇ, ಮುಂದ್ಗಡೇನೇ ತೋಡ್ತಾ ಅದೆ ನೋಡ್ರೋ!"

ಗುಂಡಿ ಕೆಂಪು ಗೆರೆಗೆ ಬಂತು. ಬಂದು ಅಲ್ಲಿ ತೂಗಿತು. ಮೇಲಿನಿಂದ ತೆವಳಿ ಬಂದ ಒಂದು ಮರಳಿನ ಅಲೆ ಅದರೊಳಕ್ಕೆ ಕುಸಿದು ಅರ್ಧ ತುಂಬಿತು. ನೀರು ಅದನ್ನೂ ಮೊಗೆಯಿತು. ಕೆಂಪು ಗೆರೆ ದಾಟಿತು. ಕಂಬದ ಮಾದರಿಯ ಬುಡ ನೀರಿನಲ್ಲಿ ಬರಿದಾಗಿ ತೇಲಿದಂತೆ ಕಂಡಿತು. ಇಳಿಯುತ್ತ ಇಳಿಯುತ್ತ ಮರಳಿನ ಅಂಚು ನೀಲಿ ಗೆರೆಯನ್ನು ಮುಟ್ಟಿ, ಅಲ್ಲಿ ಒಮ್ಮೆ ಚೂರು ಮೇಲೆ ಒಮ್ಮೆ ಚೂರು ಕೆಳಗೆ ಉಸಿರಾಡುತ್ತ ನಿಂತಿತು. ಬಟ್ಟಲಿನ ಬಾಗು ಸಹ ಅದೇ. ಬೆಳಿಗ್ಗೆ, ನೀರಿನ್ನೂ ಬಾರದ ಹೊತ್ತಿನಲ್ಲಿ, ಒಬ್ಬಳು ಹುಡುಗಿ ಮಂಡಿಯೂರಿ ಎಳೆದ ಗೆರೆ. ಹೊಳೆ ಅದನ್ನು ಓದಿಕೊಂಡು ಬಂದಂತಿತ್ತು. ನೀಲಪ್ಪನಿಗೆ ಕೈಮುಗಿಯಬೇಕೆನಿಸಿತು. ಹೊಳೆಗೋ ಅವಳಿಗೋ ತಿಳಿಯದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ನಲ್ಲಪ್ಪನವರು ಸ್ಟೂಲಿನಿಂದ ಎದ್ದು ಗಾಜಿನ ಮೇಲೆ ಬೆರಳಿಟ್ಟು ಗುಂಡಿಯ ಅಂಚಿನ ಗುಂಟ ಎಳೆದರು. ಬೆರಳು ನೀಲಿ ಗೆರೆಯ ಮೇಲೆಯೇ ಹೋಯಿತು.

"ಇಲ್ಲಿ ತಪ್ಪಿದೆ ಸಾರ್!" ಎಂದಳು ದಿವ್ಯಾ.

ಎಲ್ಲರೂ ತಿರುಗಿದರು. ಅವಳು ಕಂಬದ ಹಿಂದಿನ ದಿಬ್ಬವನ್ನು ತೋರಿಸುತ್ತಿದ್ದಳು. ಅವಳ ಗೆರೆಯ ದಿಬ್ಬಕ್ಕಿಂತ ಗೇಣಿನಷ್ಟು ದೂರ, ನೀರು ಹರಿದುಹೋಗುವ ಕಡೆಗೆ, ನಿಜವಾದ ದಿಬ್ಬ ಕೂತಿತ್ತು. "ಇಷ್ಟು ದೂರ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎದ್ದ ಕಾಳು ತೇಲ್ಕೊಂಡು ಹೋಗೋದನ್ನ ನಾನು ಕಮ್ಮಿ ಹಿಡಿದಿದ್ದೀನಿ. ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ!" ಹಬ್ಬದ ಸೀರೆ ತೋರಿಸುವವಳಂತೆ ಅವಳ ಮುಖ ಅರಳಿತ್ತು.

"ಅಲ್ಲಮ್ಮ, ನಿನ್ನ ತಪ್ಪನ್ನ ನೀನೇ ಕರೆದು ತೋರಿಸ್ತೀಯಲ್ಲ" ಎಂದರು ನಲ್ಲಪ್ಪನವರು. ಬಹುವಚನ ಹೋಗಿ ಏಕವಚನ ಬಂದಿತ್ತು, ಮನೆಯ ಮಗಳಿಗೆ ಆಡುವಂತೆ. "ನಾನು ಅತ್ತ ನೋಡೇ ಇರ್ಲಿಲ್ಲ."

"ನೀವು ನೋಡದಿದ್ರೂ ಅದು ಅಲ್ಲೇ ಇರುತ್ತಲ್ಲ ಸಾರ್."

ನಲ್ಲಪ್ಪನವರು ಜೇಬಿನಿಂದ ಫೋನು ತೆಗೆದು ಬಾಗಿಲ ಕಡೆ ನಡೆದರು. ನೀರಿನ ಸದ್ದಿನ ಮೇಲೆ ಅವರ ದನಿ ಕೇಳಿತು. "ಹಲೋ, ನಡುಗಂಬದ್ದು ಸೋಮವಾರ ಹಾಕ್ಬೇಡ್ರಿ... ಇಲ್ಲ ಇಲ್ಲ, ಬಂಡೆ ಏನೂ ಅಲ್ಲ. ಇನ್ನೂ ಆಳಕ್ಕೆ ಹೋಗ್ಬೇಕು. ಎಷ್ಟು ಅಂತ ಒಬ್ಬರು ಹೇಳ್ತಾರೆ, ಅವ್ರು ಹೇಳಿದಷ್ಟು... ನಾನು ನೋಡ್ದೆ ಕಣ್ರೀ, ಕಣ್ಣಾರೆ ನೋಡ್ದೆ. ನೀರು ಬರೋಕೆ ಮುಂಚೆ ಬರೆದಿಟ್ಟಿದ್ರು."

ಅವರನ್ನು ಕಳಿಸಿ ಬಂದ ಆಂಜಿನಪ್ಪ ಮತ್ತೆ ಗಾಜಿಗೆ ಮೂಗು ಹಚ್ಚಿದ. ನೀಲಪ್ಪ ಗಂಭೀರವಾಗಿ ಕೇಳಿದ: "ಯಜಮಾನ್ರ, ಶೆಡ್ಡು ಯಾವಾಗ ಬರದ ಕೊಡ್ತೀರಿ ಮೇಡಂಗ?"

"ಅಂಗಂದಿದ್ನಾ ನಾನು?" ಆಂಜಿನಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. "ಅಂದಿದ್ರೂ ಅಂದಿರ್‌ಬೌದು ಬಿಡು. ಅಮ್ಮಣ್ಣಿ, ನಾಳೆ ನನ್ ಎಂಡ್ತಿ ಪಿಳ್ಳಮ್ಮನ್ನೂ ಕರ್ಕೊಂಡ್ ಬರ್ತೀನಿ. ನಾನೇಳಿದ್ರೆ ನಂಬಾಕಿಲ್ಲ ಅವ್ಳು. ಮುಚ್‌ಬ್ಯಾಡ ಇದ್ನ."

ಸಂಜೆ ಪಂಪು ನಿಂತಿತು. ನೀರು ಬಸಿದು ಹೋಯಿತು. ದಿವ್ಯಾ ಮೇಜಿನ ಮುಂದೆ ಕೂತು ಆ ಗೇಣಿನ ತಪ್ಪಿನ ಹಿಂದೆ ಬಿದ್ದಿದ್ದಳು. ಬೆಳಿಗ್ಗೆ ತಂದ ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ನೀಲಪ್ಪ ಅದನ್ನು ತೆಗೆದು ಕೀಲಿಮಣೆಯ ಪಕ್ಕಕ್ಕಿಟ್ಟ.

"ತಪ್ಪಾತ್ರಿ ಮೇಡಂ, ನಾ ನಿನ್ನಿ ಮಾಡಿದ್ದು."

"ನಂದೂ ಇದೆ. ಅಳೀಬೇಕು ಅಂತ ನಿಮಗೆ ಹೇಳೇ ಇರ್ಲಿಲ್ಲ" ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ನೀಲಪ್ಪ, ಮುಂದಿನ ವಾರ ಒಂದು ರನ್ ಮಾಡೋಣ. ನೀವು ನಿನ್ನೆ ಬಡಿದ ಹಾಗೇ ಬಡೀಬೇಕು. ಗಟ್ಟಿ ಪದರ ಎಷ್ಟು ಹೊತ್ತು ತಡೆಯುತ್ತೆ ಅನ್ನೋದನ್ನೂ ಲೆಕ್ಕಕ್ಕೆ ಸೇರಿಸ್ಬೇಕು. ಸೇರುತ್ತೆ ಅನ್ಸುತ್ತೆ."

"ಬಡೀತೀನ್ರಿ" ಎಂದ ನೀಲಪ್ಪ.

ಕಾಲುವೆಯ ಹತ್ತಿರ ಬಂದು ನಿಂತ. ಗುಂಡಿ, ಅಲೆಗಳು, ಹಿಂದೆ ದೂರ ಹೋಗಿ ಕೂತ ದಿಬ್ಬ, ಎಲ್ಲ ಸಂಜೆಯ ಬೆಳಕಿನಲ್ಲಿ ಹಾಗೇ ಇತ್ತು. ಅವನ ಕೈ ತಾನಾಗಿ ಹಲಗೆಯ ಕಡೆ ಹೋಯಿತು. ಹಲಗೆಯನ್ನು ಎತ್ತಿಕೊಂಡ. ಮರದ ತುಂಡನ್ನೂ ಎತ್ತಿಕೊಂಡ. ಎರಡನ್ನೂ ಹೊರಗೆ ಒಯ್ದು ಶೆಡ್ಡಿನ ಗೋಡೆಗೆ ಆನಿಸಿಟ್ಟು, ಬಾಗಿಲು ಎಳೆದುಕೊಂಡು ಮನೆಗೆ ನಡೆದ.